ಹೊಗೆ ಬಿಡದ ಕಾರಿನ ಪೂರ್ವಾಪರ

‘ಮೇಷ್ಟ್ರೇ, ಒಣಗಿದ ಕಾಯಿ ಆದರೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡ್ತೀನಿ. ಈ ಕರೆಂಟು ಕಾರನ್ನ ಏನಂತ ಅಲುಗಾಡಿಸಲಿ? ನೀವೇ ಒಂದು ಸಲ ಹೋಗಿ ನೋಡಿ.’

ಹೀಗೆಂದು ತಿಪಟೂರಿನಿಂದ ಫೋನು ಮಾಡಿದವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ. ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು, ಆ ಸಂಬಳದಲ್ಲಿ ಉಳಿಸಿ ಒಂದು ಸೈಟು ಕೊಂಡು, ಅದನ್ನು ಮಗನ ಹೆಸರಿಗೆ ಮಾಡಿದ್ದರು. ಮಗ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಆ ಸೈಟು ಮಾರಿದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ, ಹೊಸದರಲ್ಲಿ ಕೋಟಿಗೂ ಮೀರಿದ ಬೆಲೆಯ ವಿದೇಶಿ ಎಲೆಕ್ಟ್ರಿಕ್ ಕಾರೊಂದನ್ನು 46 ಲಕ್ಷಕ್ಕೆ ಕೊಳ್ಳಲು ಹೊರಟಿದ್ದ. ನಾಲ್ಕು ವರ್ಷದ ಹಳೆಯ ಗಾಡಿ. 50 ಸಾವಿರ ಮುಂಗಡವನ್ನೂ ಕೊಟ್ಟಾಗಿತ್ತು.

ನನಗೆ ಕಾರೂ ಇಲ್ಲ, ಕಾರಿನ ಲೈಸೆನ್ಸೂ ಇಲ್ಲ. ಇರುವುದು ಒಂದು ಸ್ಕೂಟರು ಮತ್ತು ಒಂದು ಬಿ.ಎಸ್ಸಿ., ಬಿ.ಎಡ್. ಪದವಿ. ಆದರೂ 2025ರ ನವೆಂಬರಿನ ಒಂದು ಶನಿವಾರ ರಜೆ ಹಾಕಿ ರೈಲು ಹತ್ತಿದೆ. ಆ ಹುಡುಗ ಹತ್ತನೆಯ ತರಗತಿಯಲ್ಲಿದ್ದಾಗ ಓಮನ ನಿಯಮದ ಪ್ರಯೋಗ ಮಾಡಿ ತಂದು ತೋರಿಸಿದ ಗ್ರಾಫು ಇನ್ನೂ ನೆನಪಿದೆ. ಆರು ರೀಡಿಂಗುಗಳೂ ಕೂದಲೆಳೆಯಷ್ಟು ಆಚೀಚೆ ಆಗದೆ ಒಂದೇ ಗೆರೆಯ ಮೇಲೆ ಕುಳಿತಿದ್ದವು. ‘ನಮ್ಮ ಲ್ಯಾಬಿನ ಮೀಟರುಗಳ ಮುಳ್ಳು ನೆಟ್ಟಗೆ ನಿಲ್ಲುವುದೇ ಇಲ್ಲ, ನಿನ್ನ ಗೆರೆ ಹೇಗಯ್ಯಾ ಇಷ್ಟು ನೆಟ್ಟಗಾಯಿತು?’ ಎಂದು ಕೇಳಿದಾಗ ತಲೆ ತಗ್ಗಿಸಿದ. ಉತ್ತರ ಮೊದಲು ಬರೆದು, ರೀಡಿಂಗು ಆಮೇಲೆ ಬರೆದಿದ್ದ. ಮತ್ತೆ ಮಾಡಿಸಿದೆ. ಎರಡನೆಯ ಗೆರೆ ಸ್ವಲ್ಪ ಡೊಂಕಾಗಿತ್ತು; ಅದಕ್ಕೆ ಪೂರ್ತಿ ಅಂಕ ಕೊಟ್ಟೆ.

ಹಳೆಯ ಪೆಟ್ರೋಲು ಕಾರು ಕೊಳ್ಳುವಾಗ ನಮ್ಮ ಮೆಕ್ಯಾನಿಕ್ಕುಗಳಿಗೆ ಕಿವಿ, ಮೂಗು, ಕಣ್ಣು ಸಾಕಿತ್ತು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲು ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆಯಾದರೆ ಪೆಟ್ರೋಲು ಪೂರ್ತಿ ಉರಿಯುತ್ತಿಲ್ಲ. ಎಂಜಿನ್ನು ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಸಿಲಿಂಡರಿಗೆ ನೀರಿಳಿಯುತ್ತಿದೆ. ಕಾರು ತನ್ನ ಕಾಯಿಲೆಯನ್ನು ತಾನೇ ಕೆಮ್ಮಿ ಹೇಳುತ್ತಿತ್ತು. ಎಲೆಕ್ಟ್ರಿಕ್ ಕಾರು ಕೆಮ್ಮುವುದಿಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಗೇರಿನ ಗೊರಗೊರವೂ ಇಲ್ಲ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಆಸನಗಳ ಕೆಳಗೆ ಮೊಹರಾದ ಪೆಟ್ಟಿಗೆಯೊಳಗಿನ ಬ್ಯಾಟರಿಯದು. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗಿ ಬಂದ ಪುಟ್ಟ ರೇವಾ ಕಾರಿನಲ್ಲಿ ಇದ್ದದ್ದು 48 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಇಂದಿನ ಐಷಾರಾಮಿ ಗಾಡಿಗಳಲ್ಲಿರುವುದು 400 ವೋಲ್ಟಿನ, ಕೆಲವದರಲ್ಲಿ 800 ವೋಲ್ಟಿನ ಲಿಥಿಯಂ-ಅಯಾನ್ ಬ್ಯಾಟರಿ. ಅದನ್ನು ಬೀದಿಬದಿಯ ಗ್ಯಾರೇಜಿನಲ್ಲಿ ಬಿಚ್ಚಿ ನೋಡುವ ಮಾತೇ ಇಲ್ಲ.

ಷೋರೂಮಿನವರು ಕಾರನ್ನು ತೊಳೆದು, ಒಳಗೆ ಸುಗಂಧ ಹೊಡೆದು ನಿಲ್ಲಿಸಿದ್ದರು. ಹುಡುಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ. ಸುಳ್ಳು ಹೇಳುವುದಿಲ್ಲ, ನೀರಿನ ಮೇಲೆ ದೋಣಿ ಹೋದಂತೆ ಹೋಯಿತು. ‘ಈ ಗಾಡಿ ಚೆನ್ನಾಗಿರಲಪ್ಪಾ’ ಎಂದು ನನ್ನ ಮನಸ್ಸೂ ಹೇಳಿತು. ಅಲ್ಲೇ ಅಪಾಯ. ಬೇಕಾದ ಉತ್ತರ ಮನಸ್ಸಿನಲ್ಲಿ ಕುಳಿತ ಮೇಲೆ ಕಣ್ಣು ಅದಕ್ಕೆ ತಕ್ಕ ರೀಡಿಂಗುಗಳನ್ನೇ ಓದತೊಡಗುತ್ತದೆ.

‘ನೋಡಿ ಸಾರ್, ಬ್ಯಾಟರಿ ನೂರಕ್ಕೆ ನೂರು’ ಎಂದು ಸೇಲ್ಸಿನ ಯುವಕ ಪರದೆಯ ಮೇಲಿನ ಅಂಕಿ ತೋರಿಸಿದ. ಈ ‘ನೂರು’ ಬಹಳ ಜನರನ್ನು ಮೋಸಗೊಳಿಸುತ್ತದೆ. ಹದಿನೈದು ಲೀಟರಿನ ಕೊಡ ಪೆಟ್ಟು ಬಿದ್ದು ನೆಗ್ಗಿ ಹನ್ನೆರಡೇ ಲೀಟರು ಹಿಡಿಯುವಂತಾದರೂ ಬಾಯಿಯವರೆಗೆ ತುಂಬಿದಾಗ ಅದು ‘ತುಂಬಿದ ಕೊಡ’ವೇ. ಪರದೆಯ ನೂರು ಹೇಳುವುದು ಕೊಡ ತುಂಬಿದೆಯೆಂದು, ಎಷ್ಟು ನೆಗ್ಗಿದೆಯೆಂದಲ್ಲ. ‘ಇನ್ನು ಇಷ್ಟು ಕಿಲೋಮೀಟರು ಓಡುತ್ತದೆ’ ಎಂಬ ಅಂಕಿಯೂ ಇತ್ತೀಚೆಗೆ ಗಾಡಿ ಓಡಿಸಿದ ರೀತಿಯಿಂದ ಮಾಡಿದ ಅಂದಾಜು ಮಾತ್ರ. ಲಿಥಿಯಂ ಬ್ಯಾಟರಿ ಓಡಿದರೂ ಸವೆಯುತ್ತದೆ, ನಿಂತರೂ ಸವೆಯುತ್ತದೆ. ಬಿಸಿಲಿನಲ್ಲಿ ಪೂರ್ತಿ ಚಾರ್ಜಾಗಿ ದಿನಗಟ್ಟಲೆ ನಿಂತರೆ ಇನ್ನೂ ಬೇಗ ಸವೆಯುತ್ತದೆ.

ನೆಗ್ಗಿದ್ದು ಎಷ್ಟೆಂದು ಅಳೆಯಲು ಹೈಸ್ಕೂಲಿನ ಗಣಿತ ಸಾಕು. ಆ ಕಾರಿನ ಬ್ಯಾಟರಿಯಲ್ಲಿ ಹೊಸದಾಗಿದ್ದಾಗ ಬಳಕೆಗೆ ಸಿಗುತ್ತಿದ್ದದ್ದು 90 ಯೂನಿಟ್ಟು, ಅಂದರೆ ನಮ್ಮ ಮನೆಯ ಕರೆಂಟು ಬಿಲ್ಲಿನ ಯೂನಿಟ್ಟೇ. ಚಾರ್ಜು 20ಕ್ಕೆ ಇಳಿದ ಮೇಲೆ ಸಾರ್ವಜನಿಕ ವೇಗದ ಚಾರ್ಜರಿಗೆ ಒಯ್ದು 80ರವರೆಗೆ ತುಂಬಿಸಿದೆವು. ಹೊಸ ಬ್ಯಾಟರಿಯಾದರೆ ಈ ಅರವತ್ತು ಭಾಗಕ್ಕೆ 54 ಯೂನಿಟ್ಟು ಒಳಗೆ ಹೋಗಬೇಕು. ಚಾರ್ಜರಿನ ಮೀಟರು ತೋರಿಸಿದ್ದು 48. ಬಿಸಿಯಾಗಿ ಸೋರಿಹೋದದ್ದು ಶೇಕಡಾ ಐದು ಎಂದು ಹಿಡಿದರೆ ಒಳಗೆ ಹೋದದ್ದು 45.6. ಅದನ್ನು 0.6ರಿಂದ ಭಾಗಿಸಿದರೆ 76. ತೊಂಬತ್ತಕ್ಕೆ ಎಪ್ಪತ್ತಾರು ಎಂದರೆ ಶೇಕಡಾ 84. ಇದು ಸ್ಥೂಲ ಲೆಕ್ಕ. ಕಂಪೆನಿಯ ವರ್ಕ್‌ಶಾಪಿನ ಯಂತ್ರ ಇನ್ನೂ ನಿಖರವಾಗಿ ಹೇಳುತ್ತದೆ. ಆದರೆ ಬಾಯಿಮಾತಿಗಿಂತ ಇದು ವಾಸಿ.

‘84 ಪರವಾಗಿಲ್ಲ ಅಲ್ವಾ ಸಾರ್?’ ಎಂದು ಹುಡುಗ ಹಿಗ್ಗಿದ. ನಾಲ್ಕು ವರ್ಷದ ಗಾಡಿಗೆ ಕೆಟ್ಟದ್ದೇನಲ್ಲ. ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನೊಳಗೆ ಶೇಕಡಾ 70ಕ್ಕಿಂತ ಕೆಳಗಿಳಿದರೆ ಮಾತ್ರ ಹೊಣೆ ಎನ್ನುವುದು ಹಲವು ಕಂಪೆನಿಗಳ ಬ್ಯಾಟರಿ ವಾರಂಟಿಯ ಕಟ್ಟಳೆ. ‘ಇದು ಕೊಡ ಎಷ್ಟು ಹಿಡಿಯುತ್ತೆ ಅನ್ನೋದರ ಉತ್ತರ ಕಣೋ. ಕೊಡ ಎಲ್ಲಾದರೂ ಸೋರುತ್ತಾ ಅನ್ನೋದು ಬೇರೆ ಪ್ರಶ್ನೆ’ ಎಂದೆ.

ವಾಪಸು ಬಂದಾಗ ಸೇಲ್ಸಿನ ಯುವಕ ತಾನಾಗಿಯೇ ಹೇಳಿದ: ‘ಆಕ್ಸಿಡೆಂಟ್ ಇಲ್ಲ, ನೀರು ಕಂಡಿಲ್ಲ, ಒಂದೇ ಕೈಯಲ್ಲಿ ಓಡಿದ ಗಾಡಿ ಸಾರ್.’ ನೀರಿನ ಸುದ್ದಿಯನ್ನು ನಾವು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರೆಂಬುದು ಗಾದೆ. ಇಲ್ಲಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಾಗಿತ್ತು.

ಸರ್ವೀಸ್ ದಾಖಲೆ ಕೇಳಿದೆ. ಟೈಪು ಮಾಡಿದ ಒಂದು ಹಾಳೆ ಕೊಟ್ಟರು. ಜೂನ್ 2022ರಲ್ಲಿ 10,000 ಕಿಲೋಮೀಟರು, ಜೂನ್ 2023ರಲ್ಲಿ 20,000, ಜೂನ್ 2024ರಲ್ಲಿ 30,000. ನಾನು ಹುಡುಗನ ಮುಖ ನೋಡಿದೆ. ಅವನೂ ನನ್ನ ಮುಖ ನೋಡಿ ನಕ್ಕ. ಇಪ್ಪತ್ತು ವರ್ಷದ ಹಿಂದಿನ ಓಮನ ನಿಯಮ ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು. ಯಾವ ಗಾಡಿ ತಾನೆ ಸೊನ್ನೆ ಸೊನ್ನೆ ಲೆಕ್ಕ ಹಾಕಿಕೊಂಡು ವರ್ಕ್‌ಶಾಪಿಗೆ ಹೋಗುತ್ತದೆ?

ವಿಮೆಯ ಕಾಗದ ನೋಡಿದೆ. ಅದರಲ್ಲಿ ‘ನೋ ಕ್ಲೇಮ್ ಬೋನಸ್’ ಎಂಬ ಒಂದು ಸಾಲಿರುತ್ತದೆ. ಅದನ್ನು ಓದಲು ಬಂದರೆ ಅದೇ ಒಂದು ಜಾತಕ. ವರ್ಷವಿಡೀ ಪರಿಹಾರ ಕೇಳದಿದ್ದರೆ ನವೀಕರಣದಲ್ಲಿ ಗಾಡಿಯ ಸ್ವಂತ ಹಾನಿಯ ಭಾಗದ ಕಂತಿಗೆ ಶೇಕಡಾ 20 ರಿಯಾಯಿತಿ. ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ನಡುವೆ ಒಮ್ಮೆ ಪರಿಹಾರ ಪಡೆದರೆ ಏಣಿಯಿಂದ ಕೆಳಗೆ, ಸೊನ್ನೆಗೆ. ಈ ಕಾರು ಜೂನ್ 2021ರಲ್ಲಿ ನೋಂದಣಿಯಾದದ್ದು. ಅಂದಿನಿಂದ ಒಬ್ಬರೇ ಮಾಲೀಕರು. ಏನೂ ಆಗಿಲ್ಲವೆಂದರೆ ಜೂನ್ 2025ರ ಪಾಲಿಸಿಯಲ್ಲಿ 45 ಇರಬೇಕಿತ್ತು. ಇದ್ದದ್ದು 25. ಹಿಂದಿನ ಎರಡು ವರ್ಷ ಮಾತ್ರ ಸ್ವಚ್ಛ ಎಂದಾಯಿತು. ಹಾಗಾದರೆ ಏಣಿ ಮುರಿದದ್ದು ಜೂನ್ 2022ರಿಂದ ಜೂನ್ 2023ರ ನಡುವೆ. (ವಿಮೆ ತೊಂಬತ್ತು ದಿನಕ್ಕಿಂತ ಹೆಚ್ಚು ತಪ್ಪಿಹೋದರೂ ಬೋನಸ್ಸು ಹೋಗುತ್ತದೆ. ಹೆಚ್ಚು ಹಣ ಕೊಟ್ಟು ಅದನ್ನು ಕಾಪಾಡಿಕೊಳ್ಳುವ ಸವಲತ್ತೂ ಉಂಟು. ಆದ್ದರಿಂದ ಮುರಿಯದ ಏಣಿ ಕಂಡ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಮುರಿದ ಏಣಿ ಕಂಡರೆ ಪ್ರಶ್ನೆ ಕೇಳದೆ ಬಿಡಬೇಡಿ.)

ಆ ಹನ್ನೆರಡು ತಿಂಗಳಲ್ಲಿ ಬೆಂಗಳೂರಿನಲ್ಲಿ ಏನಾಯಿತೆಂದು ಓದುಗರಿಗೆ ನೆನಪಿದ್ದೀತು. ಸೆಪ್ಟೆಂಬರ್ 2022ರ ಮೊದಲ ವಾರದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆಯ ಬಡಾವಣೆಗಳು ಕೆರೆಗಳಾದವು. ಕೋಟ್ಯಧಿಪತಿಗಳು ಟ್ರ್ಯಾಕ್ಟರು ಹತ್ತಿ ಮನೆಯಿಂದ ಹೊರಬಂದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅವರ ಕಾರುಗಳು ಮನೆಯಂಗಳದಲ್ಲೂ ನೆಲಮಾಳಿಗೆಯಲ್ಲೂ ಮುಳುಗಿದ್ದವು. ನಮ್ಮ ಕಾರಿನ ಆರ್‌ಸಿಯಲ್ಲಿದ್ದ ವಿಳಾಸವೂ ಅದೇ ದಿಕ್ಕಿನದು.

ಹಿಂದಿನ ಸೀಟಿನ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಹೊರಗೆಳೆಯಲು ಹೇಳಿದೆ. ಒಳಗೆ ಸುತ್ತಿಕೊಂಡಿರುವ ಆ ಕೊನೆಯ ಗೇಣನ್ನು ಎಷ್ಟೋ ಸಲ ತೊಳೆಯುವವರೂ ಮರೆತುಬಿಡುತ್ತಾರೆ. ಅಲ್ಲಿ ಕಂದು ಬಣ್ಣದ ಒಂದು ಗೆರೆ ಇತ್ತು. ಉಗುರಿನಿಂದ ಕೆರೆದರೆ ಹಿಟ್ಟಿನಂಥ ನಯವಾದ ಕೆಸರಿನ ಪುಡಿ.

ಹುಡುಗನ ಮುಖ ಸಪ್ಪಗಾಯಿತು. ಮಾಲೀಕರ ಫೋನ್ ನಂಬರು ಕೊಡಲು ಷೋರೂಮಿನವರು ಬಹಳ ಹಿಂದೆಮುಂದೆ ನೋಡಿದರು. ಕೊಡದಿದ್ದರೆ ಕಾರು ಬೇಡ ಎಂದ ಮೇಲೆ ಕೊಟ್ಟರು. ಆ ಮಹಾನುಭಾವರು ಮುಚ್ಚುಮರೆ ಮಾಡಲಿಲ್ಲ. ‘ಹೌದು, ನೆಲಮಾಳಿಗೆಯಲ್ಲಿ ಎರಡು ದಿನ ನೀರಲ್ಲಿತ್ತು. ಷೋರೂಮಿನವರಿಗೆ ಹೇಳಿಯೇ ಕೊಟ್ಟಿದ್ದೀನಿ. ನನ್ನನ್ನ ಕೇಳಿದವರು ನೀವೇ ಮೊದಲು’ ಎಂದರು. ತಮ್ಮ ಒಪ್ಪಿಗೆಯ ಪತ್ರವನ್ನೂ ಕಳುಹಿಸಿದರು. ಸೋಮವಾರ ಹುಡುಗ ಆ ಪತ್ರ ಮತ್ತು ಚಾಸಿ ನಂಬರಿನೊಂದಿಗೆ ಕಂಪೆನಿಯ ವರ್ಕ್‌ಶಾಪಿಗೆ ಹೋಗಿ ನಿಜವಾದ ದಾಖಲೆ ತಂದ. ಅದರಲ್ಲಿನ ತಾರೀಕು, ಕಿಲೋಮೀಟರುಗಳನ್ನು ಗ್ರಾಫಿಗೆ ಹಾಕಲು ಫೋನಿನಲ್ಲೇ ಹೇಳಿದೆ. ಗೆರೆ ಏರುತ್ತಾ ಬಂದು, ಆಗಸ್ಟ್ 2022ರಲ್ಲಿ 16,210ಕ್ಕೆ ತಲುಪಿ, ಅಲ್ಲಿಂದ ಮೇ 2023ರವರೆಗೆ ಅಡ್ಡಡ್ಡ ಮಲಗಿತ್ತು. ಒಂಬತ್ತು ತಿಂಗಳಲ್ಲಿ ಕಾರು ಓಡಿದ್ದು 38 ಕಿಲೋಮೀಟರು. ಜೊತೆಗೆ ವರ್ಕ್‌ಶಾಪಿನವರು ಬರೆದುಕೊಟ್ಟ ಒಂದು ಸಾಲು: ಗಾಡಿ ನೀರಿನಲ್ಲಿ ಮುಳುಗಿದ್ದರಿಂದ ಬ್ಯಾಟರಿಗೆ ವಾರಂಟಿ ಅನ್ವಯಿಸುವುದಿಲ್ಲ.

ನೀರು ಕಂಡರೆ ಏನಂತೆ, ಈಗ ಓಡುತ್ತಿದೆಯಲ್ಲ ಎಂದು ಕೆಲವರು ಕೇಳಬಹುದು. ಬ್ಯಾಟರಿ ಪೆಟ್ಟಿಗೆ ನೀರು ನುಗ್ಗದಂತೆ ಮೊಹರಾಗಿರುತ್ತದೆ, ನಿಜ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ‘ಐಪಿ 67’ ಎಂಬ ಮುದ್ರೆಯ ಅರ್ಥ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ತಡೆದೀತು ಎಂದು. ಎರಡು ದಿನದ ಪರೀಕ್ಷೆ ಅದಲ್ಲ. ಶುದ್ಧ ನೀರಿನಲ್ಲಿ ಕರೆಂಟು ಅಷ್ಟಾಗಿ ಹರಿಯುವುದಿಲ್ಲ, ಚಿಟಿಕೆ ಉಪ್ಪು ಹಾಕಿದರೆ ಬಲ್ಬು ಹೊತ್ತುತ್ತದೆ. ಇದನ್ನು ಪ್ರತಿವರ್ಷ ಮಕ್ಕಳಿಗೆ ತೋರಿಸುತ್ತೇನೆ. ಚರಂಡಿ ಬೆರೆತ ಪ್ರವಾಹದ ನೀರಿನಲ್ಲಿ ಲವಣಗಳಿಗೆ ಬರವೇ? ನೀರು ಆರಿಹೋದರೂ ಅವು ಆರಿಹೋಗುವುದಿಲ್ಲ. ಜೋಡಣೆಗಳಲ್ಲಿ ಕುಳಿತು ತಾಮ್ರವನ್ನು ತಿನ್ನುತ್ತವೆ, ತೇವ ಸಿಕ್ಕಾಗ ಕರೆಂಟಿಗೆ ಕಳ್ಳದಾರಿ ಕೊಡುತ್ತವೆ. ಸೆಪ್ಟೆಂಬರ್ 2022ರ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ‘ಇಯಾನ್’ ಚಂಡಮಾರುತ ಬಡಿದು ಸಮುದ್ರದ ನೀರು ನುಗ್ಗಿದಾಗ, ಕೆಲವು ಎಲೆಕ್ಟ್ರಿಕ್ ಕಾರುಗಳಿಗೆ ಬೆಂಕಿ ಬಿದ್ದದ್ದು ಮುಳುಗಿದ ದಿನವಲ್ಲ, ನೀರು ಇಳಿದು ದಿನಗಳಾದ ಮೇಲೆ. ನಮ್ಮ ಕೆರೆಯ ನೀರು ಸಮುದ್ರದಷ್ಟು ಉಪ್ಪಲ್ಲ. ಅಪಾಯ ಅಷ್ಟೇ ಎಂದು ಹೆದರಿಸುವುದಿಲ್ಲ. ಇಲ್ಲವೇ ಇಲ್ಲ ಎಂದು ಧೈರ್ಯ ಹೇಳಲೂ ನನ್ನಿಂದಾಗದು.

ಇದಕ್ಕೂ ಅಳತೆಯಿದೆ. ಬ್ಯಾಟರಿಗೂ ಕಾರಿನ ಮೈಗೂ ನಡುವೆ ವಿದ್ಯುನ್ನಿರೋಧ ಎಷ್ಟಿದೆ ಎಂದು ವರ್ಕ್‌ಶಾಪಿನಲ್ಲಿ ನೋಡುತ್ತಾರೆ. ವಿಶ್ವಸಂಸ್ಥೆಯ ಸುರಕ್ಷತಾ ನಿಯಮದಂತೆ ಏಕಮುಖ ವಿದ್ಯುತ್ತಿಗೆ ಒಂದು ವೋಲ್ಟಿಗೆ ಕನಿಷ್ಠ 100 ಓಮ್, ಅಂದರೆ 400 ವೋಲ್ಟಿನ ಗಾಡಿಗೆ 40,000 ಓಮ್ ಇರಬೇಕು. ಮುಳುಗಿದ ಗಾಡಿಯಾದರೆ ಈ ಅಂಕಿಯನ್ನು ಕಾಗದದ ಮೇಲೆ ಪಡೆಯದೆ ಮುಟ್ಟಬೇಡಿ.

ಇನ್ನುಳಿದ ಕಾಗದಪತ್ರದ ಮಾತು. ಚಾಸಿ ನಂಬರಿನಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಒಂದು, ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಆರ್‌ಸಿಯಲ್ಲಿ, ಗಾಡಿಯ ಮೈಮೇಲೆ, ವಿಮೆಯ ಕಾಗದದಲ್ಲಿ ಮೂರೂ ಕಡೆ ಒಂದೇ ಇದೆಯೇ ಎಂದು ಅಕ್ಷರ ಅಕ್ಷರ ಕೂಡಿಸಿ ನೋಡಿ. ಕೇಂದ್ರ ಸರ್ಕಾರದ ‘ಪರಿವಾಹನ್’ ತಾಣದಲ್ಲಿ ನೋಂದಣಿಯ ವಿವರ, ವಿಮೆಯ ಅವಧಿ, ಬಾಕಿ ಉಳಿದ ದಂಡ ತಿಳಿಯುತ್ತವೆ. ಸಾಲದ ನಮೂದು ಇದ್ದರೆ ಬ್ಯಾಂಕಿನ ಪತ್ರ ಮತ್ತು ನಮೂನೆ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ದುಡ್ಡು ಕೊಡಿ. ನಂಬರ್ ಪ್ಲೇಟು ಹಸಿರಾಗಿದ್ದು ಅಕ್ಷರ ಬಿಳಿಯಿದ್ದರೆ ಸ್ವಂತ ಗಾಡಿ, ಹಳದಿಯಾದರೆ ಬಾಡಿಗೆಗೆ ಓಡಿದ್ದು. ಹೊರರಾಜ್ಯದ ನೋಂದಣಿಯಾದರೆ ಎಚ್ಚರ: 25 ಲಕ್ಷಕ್ಕೆ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 2024ರಲ್ಲಿ ಕರ್ನಾಟಕ ಶೇಕಡಾ 10 ಜೀವಾವಧಿ ತೆರಿಗೆ ಹಾಕಿತು. ಇಲ್ಲಿಗೆ ವರ್ಗಾಯಿಸಲು ಎಷ್ಟಾಗುತ್ತದೆಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ.

ಕಂಪೆನಿ ದೋಷಕ್ಕಾಗಿ ಗಾಡಿಗಳನ್ನು ವಾಪಸು ಕರೆಸಿತ್ತೇ, ಈ ಗಾಡಿ ಹೋಗಿತ್ತೇ ಎಂದೂ ಚಾಸಿ ನಂಬರು ಕೊಟ್ಟು ವಿಚಾರಿಸಿ. ಅಮೆರಿಕದ ಜನರಲ್ ಮೋಟಾರ್ಸ್ 2021ರಲ್ಲಿ ಬ್ಯಾಟರಿಯ ಬೆಂಕಿಭಯದಿಂದ ತನ್ನ ಬೋಲ್ಟ್ ಕಾರುಗಳನ್ನೆಲ್ಲ ಕರೆಸಿತು. ಕರೆಸಿಕೊಂಡು ಸರಿಮಾಡಿದ ಗಾಡಿಗೆ ಅದೇನೂ ಕಳಂಕವಲ್ಲ. ಕರೆದರೂ ಹೋಗದೆ ಉಳಿದ ಗಾಡಿಯೇ ಕಳಂಕ. ಕೊನೆಗೆ, ಹಳೆಯ ಮಾಲೀಕರ ಮೊಬೈಲಿನಿಂದ ಕಾರಿನ ಖಾತೆಯನ್ನು ಅಳಿಸಿಸಿ. ಇಲ್ಲದಿದ್ದರೆ ನಿಮ್ಮ ಕಾರು ಎಲ್ಲಿ ನಿಂತಿದೆಯೆಂದು ಅವರು ನೋಡುತ್ತಲೇ ಇರಬಹುದು, ಬಾಗಿಲು ತೆರೆಯಲೂಬಹುದು.

ನೀರು ಕಂಡ ಕಾರನ್ನು ಯಾರೂ ಕೊಳ್ಳಬಾರದೆಂದು ನನ್ನ ವಾದವಲ್ಲ. ತಿಳಿದು, ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಬೆಲೆಗೆ ಕೊಂಡರೆ ಅದು ವ್ಯಾಪಾರ. ಬಚ್ಚಿಟ್ಟು ಮಾರಿದರೆ ಅದಕ್ಕೆ ಬೇರೆ ಹೆಸರು.

ಹುಡುಗ ಆ ಕಾರು ಕೊಳ್ಳಲಿಲ್ಲ. ರಸೀತಿಯ ಹಿಂಬದಿಯಲ್ಲಿ ‘ಮುಂಗಡ ಹಿಂತಿರುಗಿಸಲಾಗುವುದಿಲ್ಲ’ ಎಂದು ಸಣ್ಣಕ್ಷರದಲ್ಲಿತ್ತು. ಜಗಳವಾಡಿದ ಮೇಲೆ ಅರ್ಧ ಬಂತು. ‘ಉಳಿದ 25 ಸಾವಿರ ಟ್ಯೂಷನ್ ಫೀಸು ಅಂದುಕೊಂಡೆ ಸಾರ್’ ಎಂದ. ಮುಂಗಡ ಕೊಡುವ ಮೊದಲೇ ಪೂರ್ವಾಪರ ಕೇಳಿದ್ದರೆ ಆ ಫೀಸೂ ಉಳಿಯುತ್ತಿತ್ತು. ಅವರಪ್ಪನಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು, ‘ಅಂತೂ ಅಲುಗಾಡಿಸಿ ನೋಡಿದಿರಿ ಅನ್ನಿ’ ಎಂದಷ್ಟೇ ಹೇಳಿದರು. ದನಿ ಹಗುರಾಗಿತ್ತು.

ಮೂರು ವಾರ ಕಳೆದ ಮೇಲೆ ಹುಡುಗ ಒಂದು ಜಾಹೀರಾತು ಕಳುಹಿಸಿದ. ಅದೇ ಷೋರೂಮು, ಅದೇ ಬಣ್ಣ, ಅದೇ ಕಾರು. ಬೆಲೆ ಮಾತ್ರ ಎರಡು ಲಕ್ಷ ಕಡಿಮೆ. ಕೆಳಗೆ ಮೊದಲಿನಂತೆಯೇ ‘ಒಂದೇ ಕೈಯಲ್ಲಿ ಓಡಿದ ಗಾಡಿ’ ಎಂದಿತ್ತು. ಅದು ಸುಳ್ಳಲ್ಲ. ಕೆಸರಿನ ಗೆರೆಯನ್ನು ಈ ವೇಳೆಗೆ ತೊಳೆದಿರುತ್ತಾರೆ. ಆದರೆ ವಿಮೆಯ ಕಾಗದದಲ್ಲಿನ 25ನ್ನು ತೊಳೆಯಲಾಗುವುದಿಲ್ಲ. ಯಾವುದೋ ಊರಿನ ಇನ್ಯಾರದೋ ಸೈಟು ಮಾರಿದ ದುಡ್ಡು ಆ ಕಡೆಗೆ ಹೊರಟಿದ್ದರೆ, ಅವರ ಮನೆಗೂ ಈ ಪುರವಣಿ ಬರಲಿ ಎಂದು ಇಷ್ಟನ್ನು ಬರೆದೆ.